ಕಡೇ ಸ್ಟಾಪಿನ ಬ್ಲಾಗು ಪುಸ್ತಕವಾದ ಬಗೆ

ಕೊರೊನಾ ಕಳೆದು ಬಸ್ಸುಗಳು ಮತ್ತೆ ಜನ ತುಂಬಿಕೊಂಡು ಓಡತೊಡಗಿದ್ದ ವರ್ಷ ಅದು. ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೆ ಹತ್ತಿರದ ಬೀದಿಯೊಂದರಲ್ಲಿ ನನ್ನ ಮುದ್ರಣಾಲಯ. ಅಪ್ಪನ ಕಾಲದಲ್ಲಿ ಅಕ್ಷರದ ಮೊಳೆ ಜೋಡಿಸಿ ಕಾಲಿನಿಂದ ತುಳಿಯುವ ಯಂತ್ರವಿತ್ತು, ನನ್ನ ಕಾಲಕ್ಕೆ ಆಫ್‌ಸೆಟ್ ಬಂತು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಚುನಾವಣೆ ಬಂದರೆ ಕರಪತ್ರ, ಇವು ನಮ್ಮ ಅನ್ನದ ದಾರಿ. ಅದರ ಜೊತೆಗೆ ವರ್ಷಕ್ಕೆ ಎರಡೋ ಮೂರೋ ಪುಸ್ತಕಗಳನ್ನು ನಾನೇ ಪ್ರಕಟಿಸುವ ಹುಚ್ಚನ್ನೂ ಅಂಟಿಸಿಕೊಂಡಿದ್ದೆ. ಊರಿನವರಿಗೆಲ್ಲ ನಾನು ಪ್ರೆಸ್ಸಕ್ಕ. ಕಮಲಾಕ್ಷಿ ಎನ್ನುವ ಹೆಸರು ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ಈಗ ಯಂತ್ರದ ಉಸ್ತುವಾರಿಯನ್ನು ತಂಗಿಯ ಮಗಳಿಗೆ ಬಿಟ್ಟು ನಾನು ಹೊರಗಿನ ಕುರ್ಚಿಯಲ್ಲಿ ಕೂರುತ್ತೇನೆ. ಆದರೂ ಹೊಸದಾಗಿ ಬರೆಯುವವರು ನನ್ನನ್ನೇ ಹುಡುಕಿಕೊಂಡು ಬಂದು, ಪುಸ್ತಕ ತರುವುದು ಹೇಗೆ ಎಂದು ಕೇಳುತ್ತಾರೆ. ಅವರಿಗೆಲ್ಲ ನಾನು ಹೇಳುವುದು ನಂಜುಂಡಸ್ವಾಮಿಯ ಪುಸ್ತಕದ ವಿಷಯವನ್ನೇ.

ನಂಜುಂಡಸ್ವಾಮಿ ಯಳಂದೂರು ಕಡೆಯ ಹಳ್ಳಿಯವನು, ಸರ್ಕಾರಿ ಬಸ್ಸಿನ ಕಂಡಕ್ಟರ್. ಕೊರೊನಾ ಕಳೆದ ಆ ವರ್ಷ, ಒಂದು ರಜೆಯ ದಿನ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎರಡೂ ಕೈಯಲ್ಲಿ ಹಸ್ತಪ್ರತಿಯ ಕಟ್ಟನ್ನು ಹಿಡಿದು ಬಂದ. ಕಟ್ಟು ಬಿಚ್ಚಿದೆ. ಮೊದಲ ಬರಹಕ್ಕೆ ತಲುಪಲು ನನಗೆ ಬಹಳ ಹೊತ್ತು ಹಿಡಿಯಿತು. ಯಾಕೆಂದರೆ ಅದಕ್ಕೂ ಮುಂಚೆ ಗಣ್ಯರ ಶುಭ ಸಂದೇಶಗಳು, ಹಿರಿಯರ ಹಾರೈಕೆಗಳು, ಸಂಘದ ಅಧ್ಯಕ್ಷರ ನುಡಿ, ಉಪಾಧ್ಯಕ್ಷರ ನುಡಿ, ಪ್ರಾಥಮಿಕ ಶಾಲೆಯ ಗುರುಗಳ ಆಶೀರ್ವಾದ, ಇವೇ ಪುಟಗಟ್ಟಲೆ ಇದ್ದವು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪನ ಅಳಿಯನ ತಮ್ಮನ ಹೆಸರು ಬಿಟ್ಟುಹೋದರೆ ಆ ಮನೆಯವರು ಮದುವೆಗೇ ಬರುವುದಿಲ್ಲ. ಅಚ್ಚಾಗುತ್ತಿದ್ದ ಪತ್ರಿಕೆಯನ್ನು ನಿಲ್ಲಿಸಿ ಹೆಸರು ಸೇರಿಸಿಕೊಂಡು ಹೋದ ಮದುವೆ ಗಂಡುಗಳನ್ನು ನಾನು ಕಂಡಿದ್ದೇನೆ. ಪುಸ್ತಕವನ್ನೂ ಹಾಗೆಯೇ ಮಾಡಬೇಕು ಎಂದು ಈತ ತಿಳಿದಿದ್ದ. ಅದನ್ನು ನಗುತ್ತಾ ಪಕ್ಕಕ್ಕಿಟ್ಟು ಒಳಗಿನ ಬರಹ ಓದಿದೆ. ‘ಪ್ರಯಾಣಿಕರೇ ದೇವರು’, ‘ಸಮಯಪಾಲನೆಯ ಮಹತ್ವ’, ‘ಕರ್ತವ್ಯವೇ ಪೂಜೆ’. ಎಲ್ಲವೂ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನ ಪಡೆಯುವಂಥವು.

“ಸ್ವಾಮಿ, ಇದನ್ನ ನಾನು ಅಚ್ಚು ಹಾಕಿದರೆ ನಿಮ್ಮ ಮನೆಯವರೂ ಓದಲ್ಲ. ನಿಮ್ಮ ಮಾತು ಇದರೊಳಗೆ ಒಂದೂ ಇಲ್ಲ” ಅಂದೆ.

ಅವನು ಸಿಟ್ಟಾಗಲಿಲ್ಲ. ಕಾಗದಗಳನ್ನು ಅಂಚು ಸರಿಮಾಡಿ ಜೋಡಿಸಿದ. “ದಾರ ಕಿತ್ತೋಯ್ತು ಅಕ್ಕಾ, ಕಟ್ಕೊಳಕ್ಕೆ ಒಂದ್ ದಾರ ಕೊಡ್ತೀರಾ?” ಎಂದು ಕೇಳಿ, ಕಟ್ಟಿಕೊಂಡು ಹೋದ. ಈ ಕಥೆ ಕೇಳಿದವರು, ಅವತ್ತು ಹಾಗೆ ಹೇಳಿದ್ದಕ್ಕೆ ನಿಮಗೆ ಬೇಸರವಿಲ್ಲವೇ ಅನ್ನುತ್ತಾರೆ. ಇಲ್ಲ. ಆ ಕಟ್ಟು ವಾಪಸ್ಸು ಹೋಗಬೇಕಾದದ್ದೇ. ಇವತ್ತು ತಂದರೂ ಅದೇ ಮಾತು ಹೇಳುತ್ತೇನೆ.

ಆ ದಿನಗಳಲ್ಲಿ ನಾನು ಒಂದು ಬ್ಲಾಗಿಗೆ ಅಂಟಿಕೊಂಡಿದ್ದೆ. ಬ್ಲಾಗು ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮದೇ ಒಂದು ಪುಟ. ಬರೆದದ್ದನ್ನು ಯಾರ ಅಪ್ಪಣೆಯೂ ಇಲ್ಲದೆ ನಾವೇ ಹಾಕಿಕೊಳ್ಳಬಹುದು, ಓದಿದವರು ಕೆಳಗೆ ತಮಗೆ ತೋಚಿದ್ದು ಬರೆಯಬಹುದು. ತಂಗಿಯ ಮಗಳು ಅದನ್ನು ನನ್ನ ಫೋನಿಗೆ ಕಳಿಸಿದ್ದಳು. ‘ಕಡೇ ಸ್ಟಾಪ್’ ಎಂದು ಹೆಸರು, ಬರೆದವರ ಹೆಸರಿಲ್ಲ. ದಿನವಿಡೀ ಅಕ್ಷರ ನೋಡಿ ನೋಡಿ ಬೇಸತ್ತ ನಾನೂ ಬೆಳಿಗ್ಗೆ ಯಂತ್ರ ಶುರುವಾಗುವ ಮುಂಚೆ ಅದನ್ನು ತೆರೆದು ಕೂರುತ್ತಿದ್ದೆ.

ಬರೆಯುತ್ತಿದ್ದವನು ಬಸ್ಸಿನವನೆಂದು ಮೊದಲ ಸಾಲಿಗೇ ಗೊತ್ತಾಗುತ್ತಿತ್ತು. ಕಾಡಿನಂಚಿನ ಗೋಪಿನಾಥಂಗೆ ಸಂಜೆ ಹೋಗಿ, ಅಲ್ಲೇ ತಂಗಿ, ಬೆಳಿಗ್ಗೆ ವಾಪಸ್ಸು ಬರುವ ಬಸ್ಸು. ಹೆಂಡತಿಯ ಜೊತೆ ಫೋನಿನಲ್ಲಿ ತಮಿಳಿನಲ್ಲಿ ಮುದ್ದು ಮಾಡಿ, ಜಗಳಕ್ಕೆ ಮಾತ್ರ ಕನ್ನಡಕ್ಕೆ ಹೊರಳುವ ಮನುಷ್ಯ. ತನ್ನ ಹುಂಜಕ್ಕೂ ಕಿಟಕಿ ಪಕ್ಕದ ಸೀಟೇ ಬೇಕೆಂದು ಹಟ ಹಿಡಿದ ತಾತ. ಬದಲಿ ಡ್ಯೂಟಿಯ ದಿನ ಕುಂತೂರಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡ ಬಸ್ಸು, ಕೈಚಾಚಿ ಕಬ್ಬಿನ ಜಲ್ಲೆ ಎಳೆದುಕೊಳ್ಳುವ ಕಾಲೇಜು ಹುಡುಗಿಯರು, ನೋಡಿಯೂ ನೋಡದಂತೆ ಸೀಟಿ ಊದುವ ಕಂಡಕ್ಟರ್. ಓದುತ್ತಾ ನಾನೊಬ್ಬಳೇ ನಗುತ್ತಿದ್ದೆ.

ಆ ಬ್ಲಾಗಿನಲ್ಲಿ ಒಂದು ಬರಹ ಮಾತ್ರ ಬೇರೆ ಥರದ್ದು. ಗೋಪಿನಾಥಂನಿಂದ ಹನೂರಿಗೆ ಮೀನಿನ ಬುಟ್ಟಿ ತರುವ ಒಬ್ಬ ಹೆಂಗಸಿದ್ದರು, ಪೊನ್ನಮ್ಮ. ದಾರಿಯಲ್ಲಿ ಮಾದಪ್ಪನ ಬೆಟ್ಟ ಸಿಗುವುದರಿಂದ, ಅಲ್ಲಿಗೆ ಭಕ್ತರು ಸೇರುವ ಅಮಾವಾಸ್ಯೆಯಂದು ಅವರು ಬುಟ್ಟಿ ಮುಟ್ಟುತ್ತಿರಲಿಲ್ಲ. ಅಂಥ ಒಂದು ಅಮಾವಾಸ್ಯೆ, ಹನೂರಿನ ಮಗಳ ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡು, ಹೊಸ ಸೀರೆಯುಟ್ಟು, ಹೂ ಮುಡಿದು, ಬೆಟ್ಟಕ್ಕೆಂದು ಬಸ್ಸು ಹತ್ತಿದರು. ಕೌದಳ್ಳಿಯಲ್ಲಿ ಬಸ್ಸಿನ ತುಂಬ ಭಕ್ತರು ಹತ್ತಿದರು. ಅವರಲ್ಲೊಬ್ಬರಿಗೆ ಪೊನ್ನಮ್ಮನ ಗುರುತು ಸಿಕ್ಕಿತು. “ಮೀನ್ ವಾಸ್ನೆ ಬತ್ತದೆ, ನೀನ್ ಏಳಮ್ಮ, ನಾವು ಮಡೀಲಿ ಓಯ್ತಿದ್ದೀವಿ” ಅಂದರು. ಪೊನ್ನಮ್ಮ ಎದ್ದರು. ತಾಳಬೆಟ್ಟದ ಮೇಲಿನ ತಿರುವುಗಳಲ್ಲಿ ಕಂಬಿ ಹಿಡಿದು ಬೆಟ್ಟದವರೆಗೂ ನಿಂತೇ ಹೋದರು. ಆಮೇಲೆ ಕಂಡಕ್ಟರ್ ಬರೆದಿದ್ದ: ‘ನಾನು ಅವರ ಪಕ್ಕದಲ್ಲೇ ಇದ್ದೆ. ಎದ್ದೇಳಿಸಬೇಡಿ ಅನ್ನುವ ಅಧಿಕಾರ ನನಗಿತ್ತು. ಟಿಕೆಟ್ ಮೆಷಿನ್ ನೋಡುತ್ತಾ ನಿಂತೆ. ಒಂದು ಮಾತೂ ಆಡಲಿಲ್ಲ.’

ಓದಿ ಮುಗಿಸಿದಾಗ ನನ್ನ ಕಣ್ಣು ತುಂಬಿಕೊಂಡಿತ್ತು. ಕೆಳಗೆ ಓದುಗರು ಉದ್ದುದ್ದ ಬರೆದಿದ್ದರು. ಯಾರೂ ಅವನನ್ನು ಬಯ್ದಿರಲಿಲ್ಲ, ಹೊಗಳಿಯೂ ಇರಲಿಲ್ಲ. ತಾವೆಲ್ಲಿ, ಯಾವಾಗ, ಯಾರ ಮುಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದೆವು ಎಂಬುದನ್ನು ಒಬ್ಬೊಬ್ಬರೂ ಹೇಳಿಕೊಂಡಿದ್ದರು. ಕನ್ನಡದಲ್ಲಿ ಓದುವವರೇ ಇಲ್ಲ ಎಂದು ಗೊಣಗುವ ಪ್ರಕಾಶಕರಿಗೆ ಆ ಪುಟವನ್ನು ತೋರಿಸಬೇಕು.

ಕಟ್ಟು ವಾಪಸ್ಸು ಹೋಗಿ ಸ್ವಲ್ಪ ದಿನವಾಗಿತ್ತು. ಒಂದು ಬೆಳಿಗ್ಗೆ ಬ್ಲಾಗು ತೆರೆದರೆ ಅದರಲ್ಲಿ ನಾನೇ ಇದ್ದೆ. ‘ಪ್ರೆಸ್ಸಕ್ಕನ ಹತ್ತಿರ ಪುಸ್ತಕ ಹಿಡಿದುಕೊಂಡು ಹೋಗಿದ್ದೆ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆಲ್ಲ ಕನ್ನಡಕ ಹುಡುಕುತ್ತಾ, ನಿಮ್ಮ ಮಾತು ಇದರೊಳಗೆ ಒಂದೂ ಇಲ್ಲ ಅಂದರು.’ ಕೊನೆಗೆ ಹೀಗಿತ್ತು: ‘ಇಷ್ಟು ವರ್ಷ ಬರೆದದ್ದು ಸಾಕು. ಇದೇ ಕಡೇ ಬರಹ.’

ಮೊದಲು ಸಿಟ್ಟು ಬಂತು, ಕನ್ನಡಕದ ವಿಷಯಕ್ಕೆ. ಆಮೇಲೆ ಕೈ ತಾನಾಗಿ ತಲೆಯ ಮೇಲೆ ಹೋಯಿತು, ಕನ್ನಡಕ ಅಲ್ಲೇ ಇತ್ತು. ಆ ಭಾಷಣದ ಕಟ್ಟು ತಂದವನೂ ಈ ಬ್ಲಾಗಿನವನೂ ಒಬ್ಬನೇ ಎಂದು ಅರಿವಾದ ಮೇಲೆ ಕೂರಲು ಆಗಲಿಲ್ಲ. ಓದುಗರು ಅಷ್ಟು ಹೊತ್ತಿಗಾಗಲೇ ಕೆಳಗೆ ನನ್ನನ್ನು ಅಟಕಾಯಿಸಿಕೊಂಡಿದ್ದರು. ‘ಆ ಪ್ರೆಸ್ಸಕ್ಕನ ವಿಳಾಸ ಕೊಡಿ ಸಾರ್, ನಾವು ಬಂದು ಮಾತಾಡ್ತೀವಿ’ ಎಂದೊಬ್ಬರು. ‘ನಿಲ್ಲಿಸಬೇಡಿ, ಪುಸ್ತಕ ತನ್ನಿ, ನಾವು ಕೊಳ್ಳುತ್ತೇವೆ’ ಎಂದು ಹಲವರು. ಇನ್ನೂ ಅಚ್ಚಾಗದ ಪುಸ್ತಕಕ್ಕೆ ಇಷ್ಟು ಮಂದಿ ಜಗಳಕ್ಕೆ ನಿಂತದ್ದನ್ನು ನನ್ನ ಅನುಭವದಲ್ಲಿ ಕಂಡಿರಲಿಲ್ಲ.

ಮರುದಿನ ಗೋಪಿನಾಥಂ ಬಸ್ಸಿಗೆ ಹತ್ತಿದೆ. ನಂಜುಂಡಸ್ವಾಮಿ ಹತ್ತಿರ ಬಂದು, ನನ್ನನ್ನು ಕಂಡು ಗಲಿಬಿಲಿಗೊಂಡು, “ಎಲ್ಲಿಗೆ ಅಕ್ಕಾ?” ಅಂದ.

“ನೀನು ಟೀ ಕುಡಿಯೋ ಕಡೆಗೆ” ಅಂದೆ.

ಬಸ್ಸು ಕೌದಳ್ಳಿಯಲ್ಲಿ ಟೀಗೆ ನಿಂತಿತು. ಅಂಗಡಿಯ ಬೆಂಚಿನ ಮೇಲೆ ಕೂತು ಕೇಳಿದೆ. ಬಹುವಚನ ಆಗಲೇ ಬಿಟ್ಟುಹೋಗಿತ್ತು, ಅಷ್ಟು ದಿನ ಓದಿದವನನ್ನು ನೀವು ಅನ್ನಲು ನಾಲಿಗೆ ಒಪ್ಪಲಿಲ್ಲ. “ಕಡೇ ಸ್ಟಾಪ್ ಬರೆಯೋನು ನೀನೇನಾ?”

“ಅದು ಸುಮ್ನೆ ಅಕ್ಕಾ. ಗೋಪಿನಾಥಂನಲ್ಲಿ ಬಸ್ ನಿಂತ್ ಮೇಲೆ ಮಾಡಕ್ಕೆ ಏನಿರ್ತದೆ? ಪೋನ್ನಲ್ಲಿ ಏನೋ ಬರ್ಕತಿದ್ದೆ. ಅದ್ನೆಲ್ಲ ಪುಸ್ತ್ಕ ಅಂತಾರಾ?”

“ಅದನ್ನೇ ಪುಸ್ತಕ ಅನ್ನೋದು. ನನ್ನ ಹತ್ತಿರ ತಂದದ್ದೇನು ಮತ್ತೆ?”

“ಪುಸ್ತ್ಕ ಅಂದ್ಮೇಲೆ ಎಸ್ರು ಇರ್ತದೆ, ಪೋಟ ಇರ್ತದೆ. ದೊಡ್ಡೋರು ಓದ್ತಾರೆ. ಅಲ್ಲಿ ಗಂಭೀರ್ವಾಗಿರ್ಬೇಕು ಅಂತ. ಬ್ಲಾಗ್ನಲ್ಲಿ ಎಸ್ರೇ ಇಲ್ವಲ್ಲ, ಅದ್ಕೆ ಕೈ ಓಡ್ತದೆ.”

ಡ್ರೈವರ್ ಹಾರನ್ ಹೊಡೆಯುವಷ್ಟರಲ್ಲಿ ಮಾತು ಮುಗಿಸಿದೆವು. ಪುಸ್ತಕವನ್ನು ನಾನೇ ಪ್ರಕಟಿಸುವುದು. ಬ್ಲಾಗು ನಿಲ್ಲಿಸಬಾರದು, ಹಳೆಯ ಬರಹಗಳನ್ನು ಅಳಿಸಲೂ ಬಾರದು. ಇಲಾಖೆಯಿಂದ ಅನುಮತಿ ಪತ್ರ ತರಬೇಕು, ಸರ್ಕಾರಿ ನೌಕರನಾದವನಿಗೆ ಅದು ಕ್ಷೇಮ. ಯಾರ ಬಗ್ಗೆ ಬರೆದಿದ್ದಾನೋ ಅವರಿಗೆ ಬರಹವನ್ನು ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಎಲ್ಲದಕ್ಕೂ ತಲೆಯಾಡಿಸಿ ಓಡಿಹೋಗಿ ಬಸ್ಸು ಹತ್ತಿದ. ನಾನು ವಾಪಸ್ಸು ಬರುವ ಬಸ್ಸಿಗಾಗಿ ಅಲ್ಲೇ ಇನ್ನೊಂದು ಟೀ ಕುಡಿದೆ.

ಪುಕ್ಕಟೆ ಓದಲು ಸಿಗುವುದನ್ನು ಕೊಳ್ಳುವವರಾರು, ಮೊದಲು ಬ್ಲಾಗು ಮುಚ್ಚಿಸು ಎಂದು ನಮ್ಮ ಕಸುಬಿನವರೇ ಕೆಲವರು ಬುದ್ಧಿ ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಫೋನಿನಲ್ಲಿ ಓದಿ ಇಷ್ಟಪಟ್ಟವರೇ ಅದನ್ನು ಕೈಯಲ್ಲಿ ಹಿಡಿಯಲು, ಅಪ್ಪನಿಗೋ ಅತ್ತೆಗೋ ಓದಲು ಕೊಡಲು ಬಯಸುತ್ತಾರೆ. ನಾವು ಪುಸ್ತಕ ಮಾಡಿ ಆಮೇಲೆ ಓದುಗರನ್ನು ಹುಡುಕಿಕೊಂಡು ಹೋಗುತ್ತೇವೆ. ಬ್ಲಾಗಿನವನಿಗೆ ಓದುಗರು ಮೊದಲೇ ಬಂದು ಕೂತಿರುತ್ತಾರೆ. ಅವರನ್ನು ಎಬ್ಬಿಸಿ ಕಳಿಸುವುದು ಯಾವ ಸೀಮೆಯ ವ್ಯಾಪಾರ?

ಬರಹಗಳು ಬಂದವು. ಬ್ಲಾಗಿನಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ. ಅವನು ಮೇಲಿನಿಂದಲೇ ಎತ್ತಿ ಇಟ್ಟಿದ್ದರಿಂದ ಪುಸ್ತಕದ ಮೊದಲಲ್ಲಿ ನಿವೃತ್ತಿಯಾದ ಡ್ರೈವರ್ ಕೊನೆಯಲ್ಲಿ ಹೊಸದಾಗಿ ಆ ಬಸ್ಸಿನ ಡ್ಯೂಟಿಗೆ ಬರುತ್ತಿದ್ದ. ಅಲ್ಲಲ್ಲಿ ‘ಮುಂದೆ ಓದಲು ಇಲ್ಲಿ ಒತ್ತಿ’ ಎಂದೂ ಉಳಿದುಕೊಂಡಿತ್ತು. ಫೋನಿನ ಯೂನಿಕೋಡ್ ಅಕ್ಷರವನ್ನು ನಮ್ಮ ಪುಟ ವಿನ್ಯಾಸದ ಹಳೆಯ ಫಾಂಟಿಗೆ ಬದಲಾಯಿಸಿದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ತಂಗಿಯ ಮಗಳು ಹಲ್ಲು ಕಚ್ಚಿಕೊಂಡು ಒಂದೊಂದನ್ನೇ ಸರಿ ಮಾಡಿದಳು. ಓದುಗರ ಪ್ರತಿಕ್ರಿಯೆಗಳು ಇಲ್ಲಿ ನಮ್ಮ ಕೈಹಿಡಿದವು. ಯಾವ ತಿರುವಿಗೆ ಊರಿನವರು ಏನನ್ನುತ್ತಾರೆ, ಯಾವ ತಮಿಳು ಮಾತು ಹೇಗಿರಬೇಕು, ಎಲ್ಲವನ್ನೂ ಅವರು ಯಾವಾಗಲೋ ತಿದ್ದಿಕೊಟ್ಟಿದ್ದರು. ಯಾವ ಬರಹ ಜನರಿಗೆ ನಾಟಿದೆ, ಯಾವುದು ಬರೇ ಮಾತು ಎಂಬುದೂ ಅಲ್ಲೇ ಕಾಣುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಜನ ಮಾತಾಡಿದ್ದು ಪೊನ್ನಮ್ಮನ ಬರಹದ ಬಗ್ಗೆ. ಅದನ್ನು ಪುಸ್ತಕದ ನಡುವೆ ಇಟ್ಟೆ.

ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ತಿದ್ದುವ ಪ್ರತಿ, ನನ್ನ ಕೈಗೆ ಬಂತು. ಓದುತ್ತಾ ಪೊನ್ನಮ್ಮನ ಬರಹಕ್ಕೆ ಬಂದೆ. ಕಂಬಿ ಹಿಡಿದು ನಿಂತದ್ದರವರೆಗೂ ಸರಿಯಾಗಿತ್ತು. ಆಮೇಲೆ ಹೊಸ ಸಾಲುಗಳು: ‘ನಾನು ಸುಮ್ಮನಿರಲಿಲ್ಲ. ದೇವರ ಮುಂದೆ ಎಲ್ಲರೂ ಒಂದೇ, ಅವರನ್ನು ಎಬ್ಬಿಸಬೇಡಿ ಎಂದು ಭಕ್ತರಿಗೆ ತಿಳಿಹೇಳಿದೆ.’

ಅವನನ್ನು ಕರೆಸಿ ಪ್ರೂಫನ್ನೂ ಬ್ಲಾಗನ್ನೂ ಅಕ್ಕಪಕ್ಕ ಇಟ್ಟೆ.

ಅವನು ಬ್ಲಾಗಿನ ಕಡೆ ಬೆರಳು ತೋರಿಸಿ, “ಅಕ್ಕಾ, ಅಲ್ಲಿ ನಾನ್ಯಾರು ಅಂತ ಯಾರ್ಗೂ ಗೊತ್ತಿರ್ನಿಲ್ಲ. ಪುಸ್ತ್ಕದ ಮೇಲೆ ನನ್ ಎಸ್ರದೆ. ನನ್ ಮಗ್ಳು ಓದ್ತಾಳೆ, ಡಿಪೋದೋರು ಓದ್ತಾರೆ. ಕಂಡಕ್ಟ್ರಾಗಿ ಬಾಯ್ ಮುಚ್ಕಂಡ್ ನಿಂತಿದ್ದ ಅಂತ ಓದ್ಬೇಕಾ?” ಅಂದ.

“ಬ್ಲಾಗು ಓದಿದವರು ಎರಡನ್ನೂ ಹೋಲಿಸಿ ನೋಡಲ್ವಾ?”

“ಅಂಗಾರೆ ಆ ಬರಹನೇ ತಗ್ದಾಕಿ.”

“ಅದನ್ನ ತೆಗೆದರೆ ನನಗೆ ಈ ಪುಸ್ತಕ ಬೇಡ.”

ಅವನು ಎದ್ದುಹೋದ. ಕೆಲಸ ಅಲ್ಲಿಗೇ ನಿಂತಿತು. ಫಾರಂ ಅಂದರೆ ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚಿಕೊಳ್ಳುವ ಹದಿನಾರು ಪುಟ. ಆ ಒಂದು ಫಾರಂ ಬಿಟ್ಟು ಮಿಕ್ಕಿದ್ದನ್ನೆಲ್ಲ ಅಚ್ಚು ಮಾಡಿ ಗೋಡೆಗೆ ಪೇರಿಸಿದ್ದೆ. ನಡುವೆಯೇ ತೂತಿರುವ ಪುಸ್ತಕವನ್ನು ಹೊಲಿಯುವುದು ಹೇಗೆ? ಅವನ ಸಂಕಟ ನನಗೆ ಅರ್ಥವಾಗದೆ ಇರಲಿಲ್ಲ. ಮಗಳ ಕಣ್ಣಿನಲ್ಲಿ ಸಣ್ಣವನಾಗಲು ಯಾವ ಅಪ್ಪನಿಗೆ ಇಷ್ಟ? ಪಾಪ ಅನ್ನಿಸುತ್ತಿತ್ತು. ಆದರೆ ಸುಳ್ಳನ್ನು ಅಚ್ಚು ಹಾಕಲು ಪಾಪ ಅನ್ನಿಸಿದರೆ ಸಾಲದು.

ಕೊನೆಗೆ ಅವನಿಗೆ ಫೋನ್ ಮಾಡಿ, “ಉಳಿದವರೆಲ್ಲರ ಒಪ್ಪಿಗೆ ಆಗಿದೆ, ಪೊನ್ನಮ್ಮನದು ಮಾತ್ರ ಬಾಕಿ. ನೀನು ತಿದ್ದಿರೋದನ್ನೇ ಓದಿ ಹೇಳು. ಅವರು ಹ್ಞೂಂ ಅಂದರೆ ಹಾಗೇ ಅಚ್ಚು ಹಾಕ್ತೀನಿ” ಅಂದೆ. ಒಪ್ಪಿದ. ನಾನೂ ಹನೂರಿಗೆ ಹೋದೆ.

ಪೊನ್ನಮ್ಮ ಮೀನು ಮಾರಿ ಮುಗಿಸಿ, ಬುಟ್ಟಿ ತೊಳೆದು ಬೋರಲು ಹಾಕಿ, ಹುಣಸೇಮರದ ನೆರಳಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನನಗಿಂತ ಹಿರಿಯರು, ಗಟ್ಟಿ ಮೈಕಟ್ಟು. ಮನೆಮಾತು ತಮಿಳು, ಕನ್ನಡ ಆಡುತ್ತಾರೆ, ಓದಲು ಬಾರದು. ತಮ್ಮ ಬಗ್ಗೆ ಬರೆದಿದ್ದಾನೆ ಎಂದಾಗ ನಕ್ಕರು. “ನನ್ ಬಗ್ಗೆ ಬರ್ಯಕ್ಕೆ ಏನದೆ ಸಾಮಿ, ಮೀನು ಬುಟ್ಟಿ ಬಿಟ್ರೆ? ಸರಿ, ಓದು” ಅಂದರು.

ಅವನು ಪ್ರೂಫ್ ಹಿಡಿದು ನಿಧಾನವಾಗಿ ಓದಿದ. ಹೊಸ ಸೀರೆ, ಹೂವು, ಕೌದಳ್ಳಿಯಲ್ಲಿ ಹತ್ತಿದ ಭಕ್ತರು. ಪೊನ್ನಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಅವನು ಓದುತ್ತಾ ಓದುತ್ತಾ ಆ ಹೊಸ ಸಾಲುಗಳಿಗೆ ಬಂದ, ದನಿ ಸಣ್ಣದಾಯಿತು. ‘ಅವರನ್ನು ಎಬ್ಬಿಸಬೇಡಿ ಎಂದು ಭಕ್ತರಿಗೆ ತಿಳಿಹೇಳಿದೆ.’ ಮುಗಿಸಿ ತಲೆಯೆತ್ತಿದ.

ಪೊನ್ನಮ್ಮ ಅವನ ಮುಖ ನೋಡಿದರು. ಕೋಪವಿರಲಿಲ್ಲ. ಮರೆತವರಿಗೆ ನೆನಪು ಮಾಡಿಕೊಡುವ ದನಿಯಲ್ಲಿ ಹೇಳಿದರು.

“ನೀನು ಅಂಗಂದಿದ್ರೆ ನಾನು ಕೂತ್ಕತಿದ್ನಲ್ಲ ಸಾಮಿ.”

ನಂಜುಂಡಸ್ವಾಮಿ ಪ್ರೂಫನ್ನು ಮಡಚಿ ನನ್ನ ಕೈಗೆ ಕೊಟ್ಟ. ಜೇಬಿನಿಂದ ಫೋನ್ ತೆಗೆದು ಬ್ಲಾಗು ತೆರೆದ. ಅಲ್ಲಿದ್ದದ್ದನ್ನು ಮೊದಲಿನಿಂದ ಓದಿದ. ‘ಒಂದು ಮಾತೂ ಆಡಲಿಲ್ಲ’ ಎನ್ನುವವರೆಗೂ ಪೂರ್ತಿ ಓದಿದ. ಪೊನ್ನಮ್ಮ ಕೇಳಿ, “ಇದು ನಡೆದಿದ್ದು. ಇದ್ನ ಆಕು” ಅಂದರು. ಎಲೆ ಮಡಚಿ ಬಾಯಿಗಿಟ್ಟುಕೊಂಡು, ಬುಟ್ಟಿ ಎತ್ತಿಕೊಂಡು ಬಸ್ಸಿನ ಕಡೆ ಹೊರಟರು.

ಆ ಫಾರಂ ಮಾರನೆಯ ದಿನವೇ ಯಂತ್ರಕ್ಕೆ ಹೋಯಿತು. ಪುಸ್ತಕ ಬಂದ ಸುದ್ದಿಯನ್ನು ಅವನು ಬ್ಲಾಗಿನಲ್ಲಿ ಹಾಕಿದ, ತನ್ನ ಹೆಸರನ್ನೂ ಮೊದಲ ಬಾರಿ ಅಲ್ಲಿ ಬರೆದ. ಅಂಚೆಯಲ್ಲಿ ತರಿಸಿಕೊಂಡವರು, ಪ್ರೆಸ್ಸಿಗೇ ಬಂದು ಒಯ್ದವರು, ಬಸ್ಸಿನಲ್ಲೇ ಅವನ ಕೈಯಿಂದ ಸಹಿ ಹಾಕಿಸಿಕೊಂಡವರು, ಎಲ್ಲರೂ ಸೇರಿ ಮೊದಲ ಮುದ್ರಣವನ್ನು ಮುಗಿಸಿದರು. ನನ್ನ ಅಟ್ಟದ ಮೇಲೆ ಒಂದು ಪ್ರತಿಯೂ ಏರಲಿಲ್ಲ. ನನ್ನನ್ನು ಬಯ್ದಿದ್ದ ಓದುಗರೊಬ್ಬರು ಮೈಸೂರಿನಿಂದ ಬಂದು, ವಿಳಾಸ ಸಿಕ್ಕಿತು ನೋಡಿ ಎಂದು ನಕ್ಕು, ಮೂರು ಪ್ರತಿ ಕೊಂಡುಹೋದರು.

ಆದ್ದರಿಂದ ಹೊಸಬರಿಗೆ ನಾನು ಧೈರ್ಯವಾಗಿಯೇ ಹೇಳುತ್ತೇನೆ: ಮೊದಲು ಬ್ಲಾಗು ಬರೆಯಿರಿ. ಕೈ ಪಳಗುತ್ತದೆ, ತಿದ್ದುವವರು ಸಿಗುತ್ತಾರೆ, ನಿಮಗೆ ಓದುಗರಿದ್ದಾರೆಂದು ಪ್ರಕಾಶಕರಿಗೆ ನೀವು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ಆದರೆ ಪುಸ್ತಕ ಮಾಡೋಣ ಎಂದು ಬಂದಾಗ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಯಾರಿಗೂ ನೀವು ಯಾರೆಂದು ತಿಳಿಯದಿದ್ದಾಗ ಬರೆದ ಮಾತನ್ನು, ಹೆಸರು ಹಾಕಿಕೊಂಡ ಮೇಲೂ ಹಾಗೆಯೇ ಬಿಡುತ್ತೀರಾ? ಬಿಡುತ್ತೇನೆ ಅಂದವರ ಕಟ್ಟನ್ನು ಬಿಚ್ಚಿ ಓದಲು ಕೂರುತ್ತೇನೆ.